ದೀಕ್ಷೆ ಆದ ವಾರಕ್ಕೇ ಹಿರಿಯನಾದ ಭರಮಣ್ಣ

ನಿಮ್ಮಜ್ಜಿ ಹೇಳ್ತಿದ್ದ ಕತೆ ಇದು ಮಗಾ. ಒಂದಾನೊಂದು ಕಾಲ, ಯಾವ ಕಾಲ ಅಂತ ಅವಳೂ ಹೇಳಲಿಲ್ಲ. ಒಂದು ಹಳ್ಳಿ, ಅಲ್ಲೊಂದು ಹೆಂಚಿನ ಚರ್ಚು. ಭರಮಣ್ಣ ಅಂತ ಒಬ್ಬ ಪೈಲ್ವಾನ ಇದ್ದನಂತೆ. ಚರ್ಚಿನವರನ್ನ ಗೇಲಿ ಮಾಡ್ತಿದ್ದವನು, ಅದೇನು ಮನಸ್ಸಿಗೆ ಬಂತೋ, ಒಂದಿನ ತಾನೇ ಬಂದು ದೀಕ್ಷಾಸ್ನಾನ ತಗೊಂಡನಂತೆ.

ಎಲ್ಲರಿಗೂ ಬೆರಗು. ಇಂಥಾ ಆಳು, ಇಂಥಾ ಗಂಟಲು, ಇವನನ್ನ ಹಿಂದೆ ಕೂರಿಸೋದಾ ಅಂತ ಮುಂದಿನ ಭಾನುವಾರಕ್ಕೇ ಸಭೆ ನಡೆಸೋ ಹಿರಿಯನ್ನ ಮಾಡಿಬಿಟ್ಟರಂತೆ. ಹಳೇ ಹಿರಿಯ ಯಾಕೋಬಜ್ಜನೂ ಹೂಂ ಅಂದರಂತೆ. ಅಜ್ಜನ ಹೆಂಡತಿ ರೂತವ್ವ ಮಾತ್ರ, ಪಾಪ ಅವನಿಗೆ ಏನು ಗೊತ್ತು ಅಂತ ಕೇಳಿದಿರಾ, ಅಂದಳಂತೆ. ಯಾರೂ ಕೇಳಿರಲಿಲ್ಲ. ಭರಮಣ್ಣನಿಗೋ ಹಿಗ್ಗು. ಎದೆ ಉಬ್ಬಿಸಿಕೊಂಡು ಓಡಾಡಿದನಂತೆ.

ಆಮೇಲೆ ಚರ್ಚಿನಲ್ಲಿ ಎಲ್ಲರೂ ಪಾಲು ತಗೊಳ್ಳೋ ಕರ್ತನ ಭೋಜನ ಬಂತು. ಒಂದೇ ಬಟ್ಟಲು ದ್ರಾಕ್ಷಾರಸ, ಒಬ್ಬೊಬ್ಬರು ಒಂದು ಗುಟುಕು ಕುಡಿದು ಮುಂದಕ್ಕೆ ಕೊಡಬೇಕು. ಹಿರಿಯ ಅಂತ ಮೊದಲು ಇವನಿಗೆ ಕೊಟ್ಟರೆ ಗಟಗಟ ಪೂರ್ತಿ ಕುಡಿದು ಮೀಸೆ ಒರೆಸಿಕೊಂಡನಂತೆ. ಮಿಕ್ಕವರಿಗೆ ಏನು ಸಿಕ್ತು ಅಂತೀಯಾ? ಖಾಲಿ ಬಟ್ಟಲು. ನಗಬೇಡ. ಅವರೂ ಹೀಗೇ ನಕ್ಕರು, ಹೇಳಿಕೊಡಲಿಲ್ಲ.

ಆಮೇಲೆ ಯಾರೋ ಗಂಡ ಹೆಂಡತಿ ಜಗಳ ಆಡಿಕೊಂಡು, ಹಿರಿಯ ಅಂತ ಇವನ ಹತ್ತಿರ ಬಂದರಂತೆ. ಇವನಿಗೆ ಗೊತ್ತಿದ್ದ ನ್ಯಾಯ ಗರಡೀದೇ. ಗಂಡನ್ನ ಎತ್ತಿ ನೆಲಕ್ಕೆ ಹಾಕಿ ಮಂಡಿ ಊರಿದನಂತೆ. ಅಯ್ಯೋ ಬಿಡಣ್ಣ, ಪ್ರಾರ್ಥನೆ ಮಾಡು ಅಂದರೆ ಪಟ್ಟು ಹಾಕ್ತೀಯಲ್ಲೋ, ಅಂತ ಹೆಂಡತಿ ಕೂಗಿಕೊಂಡಳಂತೆ.

ಆಮೇಲೆ ರೂತವ್ವ ತೀರಿಕೊಂಡಳು. ಸಾವಿಗೆ ಚರ್ಚಿನ ಗಂಟೆ ನಿಲ್ಲಿಸಿ ನಿಲ್ಲಿಸಿ ಹೊಡೀಬೇಕು. ಒಂದು ಹೊಡೆದು, ಅದು ಅಡಗಿದ ಮೇಲೆ ಇನ್ನೊಂದು. ಭರಮಣ್ಣ ಮದುವೆ ಗಂಟೆ ಹಾಗೆ ಢಣಢಣ ಬಾರಿಸಿದನಂತೆ. ಜನ ಹೊಸ ಸೀರೆ ಉಟ್ಟು, ಹೂ ಮುಡಿದು, ನಗ್ತಾ ಬಂದರೆ ಅಲ್ಲಿ ಹೆಣ.

ಮೊದಲು ಇಳಿಯೋ ಕೆಳಗೆ, ಅಂದರಂತೆ ಎಲ್ಲ. ಹಿರಿಯನ್ನ ಮಾಡಿ ಕೂರಿಸಿದವರೇ. ದೇವರಿಗೂ ನಾನು ಬೇಡ ಅಂತ ಭರಮಣ್ಣ ಊರು ಬಿಡೋಕೆ ಗಂಟು ಕಟ್ಟಿದನಂತೆ.

ದೇವರು ಬೇಡ ಅಂದನಾ? ನಾನೂ ನಿಮ್ಮಜ್ಜಿಯನ್ನ ಹೀಗೇ ಕೇಳಿದ್ದೆ. ಕೇಳು.

ಮಣ್ಣು ಮಾಡಿದ ಮಾರನೇ ದಿನ ಯಾಕೋಬಜ್ಜ ಅವನ ಮನೆಗೆ ಹೋದರಂತೆ. ಇವನು ಕಾಲಿಗೆ ಬಿದ್ದ. ಏಳಪ್ಪ, ಎಳೇ ಕೂಸಿನ ತಲೆ ಮೇಲೆ ಹೊರೆ ಇಟ್ಟೋರು ನಾವು, ಅಂದರಂತೆ. ಕೈ ಹಿಡಿದು ಎಬ್ಬಿಸಿ, ಒಬ್ಬನೇ ಕೂತರೆ ನನಗೆ ಅನ್ನ ಇಳಿಯಲ್ಲ, ಉಣ್ಣೋಕೆ ಬಾ, ಅಂದರಂತೆ.

ಹೋದ. ದಿನಾ ಹೋದ. ಅಜ್ಜ ವಾಕ್ಯ ಓದಿದ್ದು ಕೇಳ್ತಾ, ಕಾಯಿಲೆಯವರ ಮನೆಗೆ ಅಜ್ಜನ ಹಿಂದೆ ನಡೀತಾ, ಭಾನುವಾರ ಎಲ್ಲರ ಹಿಂದೆ ಚಾಪೆ ಮೇಲೆ ಕೂರ್ತಾ, ವರ್ಷಗಳು ಕಳೆದವಂತೆ. ಆಮೇಲೆ ಸಭೆಯವರೇ ಬಂದು ಹಿರಿಯನಾಗು ಅಂದರಂತೆ. ಭರಮಣ್ಣ ಹಿಗ್ಗಲಿಲ್ಲ. ಅಜ್ಜ, ಭಯ ಆಗ್ತದೆ, ಅಂದ.

ಆ ಭಯ ಬರಲಿ ಅಂತಲೇ ಕಾಯ್ತಿದ್ದೆ ಕಣಪ್ಪ, ಇನ್ನು ಹೋಗು ಮುಂದೆ, ಅಂದರಂತೆ ಯಾಕೋಬಜ್ಜ.

ಕತೆ ಅಲ್ಲಿಗೆ ಆಯ್ತು. ಕಣ್ಣು ಮುಚ್ಚು.