ಅಮಲ್ದಾರರ ಹೆಸರಿನ ನೀರು

ಸಂತೆ ದಾರಿಯ ಅರವಟ್ಟಿಗೆ ಕಟ್ಟಿಸಿದ ರಾಣಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆದರೂ ದಣಿದು ಬಂದವರು ನೀರು ಕುಡಿದು, "ರಾಣಿಯಮ್ಮನ ಹೊಟ್ಟೆ ತಣ್ಣಗಿರಲಿ" ಎಂದು ಹರಸಿಯೇ ಮುಂದೆ ಹೋಗುತ್ತಿದ್ದರು. ಒಂದು ದಿನ ಆ ದಾರಿಯಲ್ಲಿ ಬಂದ ಹೊಸ ಅಮಲ್ದಾರನಿಗೆ ಅದನ್ನು ಕೇಳಿ ಮೈಯೆಲ್ಲ ಉರಿಯಿತು.

"ಸತ್ತವಳ ಹೆಸರು ಸಾಕು. ಇನ್ನು ನನ್ನ ಹೆಸರು ಹೇಳಿ ನೀರು ಕೊಡು" ಎಂದು ನೀರೆರೆಯುವ ಸಂಕವ್ವನನ್ನು ಗದರಿಸಿ, ಹೊಗಳಿಕೆ ಕೇಳಲು ಅಲ್ಲೇ ಕೂತ.

"ಆಗಲಿ ಬುದ್ಧಿ" ಎಂದಳು ಸಂಕವ್ವ.

ಮೂಟೆ ಹೊತ್ತವನೊಬ್ಬ ಬಂದು ಬೊಗಸೆಯೊಡ್ಡಿದ.

"ಕುಡಿಯಪ್ಪ, ಇದು ಅಮಲ್ದಾರರು ಕೊಡಿಸೋ ನೀರು."

ಅವನು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. "ಕುಡಿದರೆ ಯಾವ ಬಿಟ್ಟಿ ಚಾಕರಿಗೆ ಎಳ್ಕೊಂಡು ಹೋಗ್ತಾರವ್ವಾ?"

ಹಿಂದೆ ಬಂದವರೂ ಹೆದರಿ, ಒಣಗಿದ ಬಾಯಲ್ಲೇ ನಿಂತರು.

ಅಮಲ್ದಾರನ ಮುಖ ಕಪ್ಪಿಟ್ಟಿತು. "ಹೋಗಲಿ, ಹಳೇ ಹೆಸರೇ ಹೇಳು" ಎಂದ.

ಹೇಳಿದಳು. ಎಲ್ಲರೂ ಕುಡಿದು ಹರಸಿದರು.

"ಆಕೆ ಅಷ್ಟು ಒಳ್ಳೆಯವಳಾಗಿದ್ದಳೇನು?" ಅಮಲ್ದಾರನ ದನಿ ಇಳಿದಿತ್ತು.

"ಪಲ್ಲಕ್ಕಿಯಿಂದ ಇಳಿದು, ಸೆರಗು ಸಿಕ್ಕಿಸ್ಕೊಂಡು ನನ್ನ ಜೊತೆ ನೀರೆರೀತಿದ್ರು ಬುದ್ಧಿ. ಆ ತಿರುವಿನಲ್ಲಿ ಧೂಳೆದ್ದರೆ ಅವರೇ ಬಂದ್ರೇನೋ ಅಂತ ಈಗಲೂ ಅವರ ಚೊಂಬು ತೊಳೆದಿಡ್ತೀನಿ. ಇವತ್ತೂ ತೊಳೆದಿಟ್ಟೆ. ಬಂದಿದ್ದು ನೀವು."