ಎಣ್ಣೆ ವ್ಯಾಪಾರಿಯ ಬೆಕ್ಕು

“ಗುರುಗಳೇ, ಒಳ್ಳೆಯ ಮಾತು ಯಾಕೆ ನಾಟುವುದಿಲ್ಲ?” ಎಂದು ಶಾಂತಮಲ್ಲ ಕೇಳಿದ.

ಅವನ ತಮ್ಮ ಕೆಲಸ ಬಿಟ್ಟು ಮನೆಯಲ್ಲಿ ಕೂತು ಒಂದು ವರ್ಷವಾಗಿತ್ತು. ಶಾಂತಮಲ್ಲ ದಿನವೂ ಬುದ್ಧಿ ಹೇಳುತ್ತಿದ್ದ. ಹೇಳಿದಷ್ಟೂ ತಮ್ಮ ದೂರವಾಗುತ್ತಿದ್ದ. ಈಚೆಗಂತೂ ಅಣ್ಣನ ದನಿ ಕೇಳಿದರೆ ಸಾಕು, ಹಿತ್ತಿಲ ಬಾಗಿಲಿನಿಂದ ಹೊರಟುಬಿಡುತ್ತಿದ್ದ.

ಅವನು ಹೇಳಿಕೊಂಡದ್ದನ್ನೆಲ್ಲ ಕೇಳಿದ ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಒಂಟಿ ಮನುಷ್ಯ. ಅವನಿಗೆ ಒಂದು ಬೆಕ್ಕಿತ್ತು. ಇಲಿ ಹಿಡಿಯುವ ವಯಸ್ಸು ದಾಟಿದ ಬೆಕ್ಕು. ಹಗಲೆಲ್ಲ ಎಳ್ಳಿನ ಮೂಟೆಯ ಮೇಲೆ ಮಲಗುತ್ತಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಅವನ ತೊಡೆಯೇರುತ್ತಿತ್ತು. ಅವನಿಗೂ ಮಾತಾಡಲು ಬೇರೆ ಯಾರಿದ್ದರು?

ಒಂದು ಚಳಿಗಾಲ ಬೆಕ್ಕಿನ ಮೈ ಒಣಗಿತು. ಬೆನ್ನಿನಿಂದ ತವುಡಿನಂತೆ ಹೊಟ್ಟು ಉದುರತೊಡಗಿತು. ಕೂದಲು ಒರಟಾಯಿತು. ಅದು ಇಡೀ ದಿನ ಮೈ ಕೆರೆದುಕೊಳ್ಳುತ್ತಿತ್ತು.

ವ್ಯಾಪಾರಿ ಗಾಬರಿಯಾಗಲಿಲ್ಲ. ಒಣಗಿದ ಮೈಗೆ ಎಣ್ಣೆ, ತನ್ನಲ್ಲಿ ಅದಕ್ಕೇನು ಬರವೇ ಎಂದುಕೊಂಡ. ಎಳ್ಳೆಣ್ಣೆ ಹಚ್ಚಿದ. ವಾಸಿಯಾಗಲಿಲ್ಲ. ಹರಳೆಣ್ಣೆ ಹಚ್ಚಿದ. ಬೆಕ್ಕು ಅದನ್ನು ನೆಕ್ಕಿ ಎರಡು ದಿನ ಹೊಟ್ಟೆ ಕೆಡಿಸಿಕೊಂಡಿತು. ಹೊಟ್ಟು ಮಾತ್ರ ಹಾಗೇ ಇತ್ತು. ಬೇವಿನೆಣ್ಣೆಯ ಬಟ್ಟಲು ಹಿಡಿದು ಬಂದಾಗ ಬೆಕ್ಕು ಅಟ್ಟ ಹತ್ತಿತು. ಮತ್ತೆ ಇಳಿಯಲಿಲ್ಲ. ಅವನು ಅನ್ನದ ತಟ್ಟೆಯನ್ನು ಅಟ್ಟಕ್ಕೇ ಏರಿಸಬೇಕಾಯಿತು. ಗಿರಾಕಿಗಳು ನಕ್ಕರು. ಅದರಿಂದ ಅವನಿಗೆ ಬೇಸರವಾಗಲಿಲ್ಲ. ಸಂಜೆ ತೊಡೆ ಬರಿದಾಗಿತ್ತು, ಅದೇ ಅವನನ್ನು ಕೊರೆಯುತ್ತಿತ್ತು.

ಒಂದು ದಿನ ಮೀನು ಮಾರುವ ಹೆಂಗಸೊಬ್ಬಳು ದೀಪಕ್ಕೆ ಎಣ್ಣೆ ಕೊಳ್ಳಲು ಬಂದಳು. ಬುಟ್ಟಿ ಕೆಳಗಿಟ್ಟಿದ್ದೇ ತಡ, ಬೆಕ್ಕು ಅಟ್ಟದಿಂದ ಧುಮುಕಿ ಬುಟ್ಟಿಯ ಸುತ್ತ ತಿರುಗತೊಡಗಿತು. ಹೆಂಗಸು ಅದರ ಬೆನ್ನು ಸವರಿದಳು. ಅಂಗೈಗೆ ಹೊಟ್ಟು ಅಂಟಿತು.

“ಇದಕ್ಕೆ ಏನು ಹಾಕುತ್ತೀರಿ ಅಣ್ಣಾ?”

“ಎಲ್ಲವನ್ನೂ ಹಾಕಿ ನೋಡಿದೆ ತಾಯಿ. ಎಳ್ಳೆಣ್ಣೆ, ಹರಳೆಣ್ಣೆ. ಬೇವಿನೆಣ್ಣೆ ಹಚ್ಚಲು ಹೋದರೆ ಅಟ್ಟ ಹತ್ತಿತು...”

“ಮೈಗೆ ಹಚ್ಚಿದ್ದನ್ನಲ್ಲ, ತಿನ್ನಲು ಹಾಕುವುದನ್ನು ಕೇಳಿದೆ.”

“ನಾನು ಉಣ್ಣುವುದನ್ನೇ. ಅನ್ನ, ರೊಟ್ಟಿ, ತಿಳಿಸಾರು. ನನಗೊಂದು ಅದಕ್ಕೊಂದು ಎಂದು ಭೇದ ಮಾಡಿಲ್ಲ.”

ಹೆಂಗಸು ಜೋರಾಗಿ ನಕ್ಕಳು. “ಅದು ಬೆಕ್ಕಲ್ಲವೇ ಅಣ್ಣಾ! ಕೈಲಾದಾಗ ತನಗೆ ಬೇಕಾದ್ದನ್ನು ತಾನೇ ಹಿಡಿದು ತಿಂದಿತು. ಈಗ ನೀವು ಕೊಟ್ಟಷ್ಟೇ ಅದಕ್ಕೆ ಗತಿ. ಸಣ್ಣ ಮೀನು ಬೇಯಿಸಿ, ಮುಳ್ಳು ತೆಗೆದು ಹಾಕಿ. ಉಪ್ಪು ಖಾರ ಬೇಡ. ಮೀನು ಬೆಂದ ನೀರನ್ನೂ ಕುಡಿಸಿ.”

ವ್ಯಾಪಾರಿಯ ಮನೆಯಲ್ಲಿ ಮೀನು ಬೆಂದದ್ದೇ ಇಲ್ಲ. ಆ ರಾತ್ರಿಯ ಊಟ ಅವನಿಗೆ ಸೇರಲಿಲ್ಲ. ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದ. ಹೊಸ ಮಡಕೆ ಇಟ್ಟ. ಮೂಗಿಗೆ ಪಂಚೆಯ ತುದಿ ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ ಮೀನು ಬೇಯಿಸಿದ. ಮುಳ್ಳು ತೆಗೆಯುವಾಗ ಮಾತ್ರ ಮುಖ ಈಚೆ ತಿರುಗಿಸಲೇಬೇಕಾಯಿತು. ಬೆಕ್ಕು ತಟ್ಟೆಯನ್ನು ತೊಳೆದಿಟ್ಟಂತೆ ನೆಕ್ಕಿತು.

ಹತ್ತು ದಿನವಾದರೂ ಹೊಟ್ಟು ನಿಲ್ಲಲಿಲ್ಲ. ಅವನ ಕೈ ಮತ್ತೆ ಎಣ್ಣೆಯ ಬಟ್ಟಲಿನತ್ತ ಹೋಯಿತು. ಆದರೆ ತಟ್ಟೆಯ ಮುಂದೆ ಕೂತಿದ್ದ ಬೆಕ್ಕನ್ನು ಕಂಡು ಕೈ ಹಿಂದೆಗೆದ. ತಿಂಗಳು ಕಳೆಯಿತು. ಹೊಟ್ಟು ಕಡಿಮೆಯಾಯಿತು. ಇನ್ನೊಂದು ತಿಂಗಳಿಗೆ ಹೊಸ ಕೂದಲು ಮಿರಿಮಿರಿ ಮಿಂಚಿತು. ಒಂದು ಸಂಜೆ, ಅವನು ಕರೆಯದೆಯೇ, ಬೆಕ್ಕು ತೊಡೆಯೇರಿ ಮಲಗಿತು. ಕಾಲು ಜೋಮು ಹಿಡಿದರೂ ಅವನು ಅಲುಗಾಡಲಿಲ್ಲ.

ಅದನ್ನು ಕಂಡ ಗಿರಾಕಿಯೊಬ್ಬ, “ಯಾವ ಎಣ್ಣೆ ಹಚ್ಚಿದಿರಿ? ನನಗೂ ಒಂದು ಸೇರು ಕೊಡಿ” ಎಂದ.

ವ್ಯಾಪಾರಿ ಬೀದಿಯ ಕಡೆ ಕೈ ತೋರಿಸಿ, “ಅದು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ. ಬುಟ್ಟಿ ಹೊತ್ತು ಬರುತ್ತಾಳೆ, ಅವಳನ್ನು ಕೇಳಿ” ಎಂದು ನಕ್ಕ.

ಕತೆ ಮುಗಿಯಿತು. ಶಾಂತಮಲ್ಲನೂ ನಗುತ್ತಿದ್ದ.

ಗುರುಗಳು ಅವನ ಮುಖ ನೋಡಿ ಹೇಳಿದರು: “ನೀನು ಹೇಳಿದ ಬುದ್ಧಿಮಾತನ್ನೆಲ್ಲ ಕೇಳಿದೆ; ನಿನ್ನ ತಮ್ಮನ ಹಸಿವು ಏನೆಂದು ಮಾತ್ರ ನೀನು ಹೇಳಲೇ ಇಲ್ಲ.”