ಹಿಡಿ ಅಕ್ಕಿಯ ಗಡಿಗೆ

"ಅಯ್ಯನವರೇ, ನಾನು ಸಂಬಳದ ಹತ್ತರಲ್ಲೊಂದು ಪಾಲನ್ನು ಸಭೆಗೆ ದಶಮಾಂಶವಾಗಿ ಕೊಡುತ್ತಾ ಬಂದಿದ್ದೇನೆ. ಈ ವರ್ಷದಿಂದ ಅದರ ಎರಡರಷ್ಟು ಕೊಡಬೇಕೆಂದು ಮನಸ್ಸಾಗಿದೆ. ದೇವರು ಅದನ್ನು ಮೆಚ್ಚುವನೇ?"

ಹೀಗೆ ಕೇಳಿದವನು ದಯಾಕರ. ಶಾಲೆಯಲ್ಲಿ ಮಾಸ್ತರ, ಇಬ್ಬರು ಮಕ್ಕಳ ತಂದೆ. ಸಭೆಯವರಿಗೆ ಬೋಧಿಸುವ ಉಪದೇಶಿಯ ಕೆಲಸ ಕಲಿಯಲು ಯೋನಾಥಾನ ಅಯ್ಯನವರ ಬಳಿಗೆ ಬರುತ್ತಿದ್ದವರಲ್ಲಿ ಅವನೇ ಹೆಚ್ಚು ಶ್ರದ್ಧೆಯವನು. ಅಯ್ಯನವರು ಬಹಳ ವರ್ಷ ಕ್ರೈಸ್ತ ಸಭೆಯೊಂದನ್ನು ಪಾಲಕರಾಗಿ ನಡೆಸಿ ಈಗ ನಿವೃತ್ತರಾದವರು. ಯಾರಾದರೂ ತಮ್ಮ ಭಕ್ತಿಯನ್ನು ತುಸು ಜೋರಾಗಿ ಹೇಳಿಕೊಂಡರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಮೆಚ್ಚುತ್ತಾನೋ ಇಲ್ಲವೋ ಅವನನ್ನೇ ಕೇಳಬೇಕಪ್ಪ. ನನಗೆ ಗೊತ್ತಿರುವುದು ಒಂದು ಕತೆ," ಎಂದು ಅಯ್ಯನವರು ಹೇಳತೊಡಗಿದರು.

ಒಂದು ಊರಿನ ಸಭೆಯಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ. ಒಬ್ಬನೇ ಮಗ, ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಸೊಸೆ, ಓಡಾಡುವ ವಯಸ್ಸಿನ ಒಬ್ಬ ಮೊಮ್ಮಗ, ಆಮೇಲೆ ಹುಟ್ಟಿದ ಒಂದು ಹೆಣ್ಣು ಕೂಸು. ಮನೆಯೆಂದರೆ ಅಷ್ಟೇ. ಉಣ್ಣುವುದಕ್ಕೆ ಕೊರತೆಯಿರಲಿಲ್ಲ, ಚೆಲ್ಲುವಷ್ಟೂ ಇರಲಿಲ್ಲ.

ಹಿಡಿ ಅಕ್ಕಿಯ ಪದ್ಧತಿ ನಿನಗೆ ಹೊಸದಲ್ಲ. ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ದೇವರ ಗಡಿಗೆಗೆ ಹಾಕುತ್ತಾರೆ. ತಿಂಗಳ ಕೊನೆಯ ಭಾನುವಾರ ಅದನ್ನು ದೇವಾಲಯಕ್ಕೆ ಒಯ್ದು, ಪೀಠದ ಮುಂದಿನ ಬುಟ್ಟಿಗೆ ಸುರಿಯುತ್ತಾರೆ. ಆ ಅಕ್ಕಿ ಸಭೆಯ ಬಡವರ ಮನೆಗೆ ಹೋಗುತ್ತದೆ. ಒಳ್ಳೆಯ ಪದ್ಧತಿ, ಅದರಲ್ಲಿ ಎರಡು ಮಾತಿಲ್ಲ.

ಈ ಅತ್ತೆ ಮಾತ್ರ ಅದಕ್ಕೊಂದು ನಿಯಮ ಮಾಡಿಕೊಂಡಿದ್ದಳು. ಉಳಿದ ಹೆಂಗಸರು ಹಿಡಿ ಅಕ್ಕಿಯನ್ನು ಚೀಲದಿಂದ ತೆಗೆಯುತ್ತಿದ್ದರು. ಚೀಲದಿಂದ ತೆಗೆದರೆ ಯಾರಿಗೂ ತಟ್ಟುವುದಿಲ್ಲ, ನಮ್ಮ ಊಟದಲ್ಲಿ ಕಡಿಮೆಯಾದರೆ ಮಾತ್ರ ಅದು ಕಾಣಿಕೆ ಎಂಬುದು ಇವಳ ವಾದ. ಪೀಠದ ಮೇಲೆ ನಿಂತು ಹೇಳುವುದಕ್ಕೆ ತುಂಬ ಚೆನ್ನಾಗಿರುವ ಮಾತು ಅದು. ಹೊತ್ತು ಹೊತ್ತಿಗೆ ಅಕ್ಕಿ ಅಳೆದು ಕೊಡುವವಳು ಅವಳೇ. ಮನೆಗೆ ಬೇಕಾದಷ್ಟು ಪಾವಿನಲ್ಲಿ ಅಳೆಯುವಳು. ಅಳೆದದ್ದರಿಂದ ಒಂದು ಹಿಡಿ ತೆಗೆದು ಗಡಿಗೆಗೆ ಹಾಕುವಳು. ಉಳಿದದ್ದನ್ನು ಸೊಸೆಯ ಕೈಗೆ ಕೊಡುವಳು.

ಒಂದು ವರ್ಷ ಸುಗ್ಗಿಯ ಕಾಣಿಕೆಯ ಆರಾಧನೆಗೆ ಹೊರಗಿನಿಂದ ಬಂದ ಬೋಧಕರೊಬ್ಬರು, ಕೊಡುವುದಾದರೆ ನೋವಾಗುವಷ್ಟು ಕೊಡಿ ಎಂದು ಬೋಧಿಸಿ, ಮಧ್ಯಾಹ್ನ ಚೆನ್ನಾಗಿ ಊಟ ಮಾಡಿ ಬಸ್ಸು ಹತ್ತಿದರು. ಮಾರನೆಯ ದಿನದಿಂದ ಅತ್ತೆ ಹೊತ್ತಿಗೆ ಒಂದು ಹಿಡಿಯ ಬದಲು ಉಣ್ಣುವ ತಲೆಗೊಂದು ಹಿಡಿ ತೆಗೆಯತೊಡಗಿದಳು. ಹಿಡಿ ಎಂದರೆ ನಿನ್ನ ನನ್ನ ಹಿಡಿಯಲ್ಲ. ನೇಗಿಲ ಮನೆಯಿಂದ ಬಂದ ದೊಡ್ಡ ಕೈ ಅವಳದು. ಪಾವಿನ ಅಳತೆ ಮಾತ್ರ ಮೊದಲಿನಷ್ಟೇ ಉಳಿಯಿತು.

ತಿಂಗಳ ಕೊನೆಗೆ ಅವಳ ಗಡಿಗೆ ತುಂಬಿ ತುಳುಕಿತು. ಸಭಾಪಾಲಕರು ಅವಳ ಮನೆಯನ್ನು ಇಡೀ ಸಭೆಗೆ ಮಾದರಿ ಎಂದರು. ಮುಂದಿನ ತಿಂಗಳೂ ಅಂದರು. ಹೊಗಳಿಕೆ ಬೆಲ್ಲದ ಹಾಗೆ, ಒಮ್ಮೆ ನಾಲಿಗೆಗೆ ತಾಗಿತೆಂದರೆ ಬೇಡ ಅನ್ನುವವರು ಕಡಿಮೆ. ಆದರೂ ಅವಳನ್ನು ಕಪಟಿ ಎಂದು ತಿಳಿಯಬೇಡ. ಗಡಿಗೆಗೆ ಅಕ್ಕಿ ಬೀಳುವಾಗ ಅವಳು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ನಮ್ಮ ಊಟದಲ್ಲಿ ಕಡಿಮೆ ಮಾಡಿಕೊಂಡು ಕೊಡುತ್ತಿದ್ದೇವೆ ಎಂದು ಮನಸಾರೆ ನಂಬಿದ್ದಳು.

ಕಡಿಮೆಯಾದದ್ದು ಯಾರ ಊಟದಲ್ಲಿ? ಮಗ ಬೆವರು ಸುರಿಸಿ ದುಡಿಯುವವನು; ಅವನಿಗೆ ಮೊದಲು ಬಡಿಸಬೇಕು, ಕಡಿಮೆ ಮಾಡುವಂತಿಲ್ಲ. ಮೊಮ್ಮಗ ಬೆಳೆಯುವವನು. ಅತ್ತೆ ವಯಸ್ಸಾದವಳು, ಹಿರಿಯಳು. ಈ ಮೂವರಿಗೂ ಸೊಸೆ ಮೊದಲಿನ ಹಾಗೆಯೇ ಬಡಿಸಿದಳು. ಬಡಿಸುವವರ ಕೈ ಗಿಡ್ಡವಾದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೊನೆಗೆ ಅವಳು ತನ್ನ ತಟ್ಟೆ ಇಟ್ಟುಕೊಂಡು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ತಳ ಕಾಣುತ್ತಿತ್ತು. ಇದ್ದದ್ದನ್ನು ಕೆರೆದು ಉಂಡು, ಮೇಲೆ ಗಂಜಿಯ ತಿಳಿ ಕುಡಿದು ಏಳುತ್ತಿದ್ದಳು.

ಒಮ್ಮೆ ಗಂಡನಿಗೆ ಹೇಳಿ ನೋಡಿದಳು. ಅವನು ಬೆರಗಾಗಿ, ನಾನು ಕೂತಾಗ ಪಾತ್ರೆ ತುಂಬ ಅನ್ನ ಇತ್ತಲ್ಲ ಎಂದ. ಸುಳ್ಳೇನಲ್ಲ, ಅವನು ಕೂತಾಗ ಇತ್ತು. ಅಮ್ಮ ದೇವರಿಗೆ ಕೊಡುವುದಕ್ಕೆ ನಾನು ಅಡ್ಡ ಬರಲೇ ಎಂದೂ ಕೇಳಿದ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಅತ್ತೆಗೆ ಹೇಳುವುದಂತೂ ಆಗದ ಮಾತು. ಸೊಸೆಯ ತವರು ಬಡವರ ಮನೆ. ಇಂಥದೇ ಬುಟ್ಟಿಯ ಅಕ್ಕಿ ಆ ಮನೆಗೆ ಎಷ್ಟೋ ಸಲ ಹೋಗಿತ್ತು. ಅನ್ನ ಸಾಲದು ಎಂದು ಬಾಯಿಬಿಟ್ಟರೆ ತವರಿನ ಬುದ್ಧಿ ಎಂಬ ಮಾತು ಬರುವುದೆಂದು ಅವಳಿಗೆ ಖಾತ್ರಿಯಿತ್ತು.

ಸುಗ್ಗಿಯ ಆರಾಧನೆ ಕಳೆದು ಕೆಲವು ತಿಂಗಳಾಗುವಷ್ಟರಲ್ಲಿ ಸೊಸೆಗೆ ಎದೆಹಾಲು ಬತ್ತಿತು. ಕೂಸು ಕುಡಿದು ಕುಡಿದು ಸೋತು ಅಳುತ್ತಿತ್ತು. ಮೈ ಇಳಿಯಿತು, ಕಣ್ಣು ಒಳಗೆ ಹೋಯಿತು. ಅತ್ತೆಗೆ ಆ ಕೂಸೆಂದರೆ ಜೀವ. ಹೊಟ್ಟೆನೋವೆಂದು ಬಜೆ ತೇಯ್ದು ನೆಕ್ಕಿಸಿದಳು. ದೃಷ್ಟಿಯಾಗಿದೆ ಎಂದು ನೆರೆಯವಳು ಹೇಳಿದಾಗ, ನಾವು ಅದನ್ನೆಲ್ಲ ನಂಬುವವರಲ್ಲ ಎಂದು ಗದರಿದಳು. ಆಸ್ಪತ್ರೆಗೆ ಒಯ್ದಾಗ ಡಾಕ್ಟರು, ತಾಯಿ ಚೆನ್ನಾಗಿ ಊಟ ಮಾಡಲಿ ಎಂದರು. ನಮ್ಮ ಮನೆಯಲ್ಲಿ ಊಟಕ್ಕೇನು ಕಡಿಮೆ ಎಂದು ಅತ್ತೆಯೇ ಉತ್ತರ ಕೊಟ್ಟಳು. ಸೊಸೆ ಪಕ್ಕದಲ್ಲೇ ನಿಂತಿದ್ದಳು.

ಕೊನೆಗೆ ಅತ್ತೆ ಒಂದು ಹರಕೆ ಹೊತ್ತಳು. ಕೂಸು ಉಳಿಯಲಿ ಸ್ವಾಮೀ ಎಂದು ಅತ್ತು, ಅಂದಿನಿಂದ ಕೂಸಿನ ಹೆಸರಲ್ಲಿ ಹೊತ್ತಿಗೆ ಇನ್ನೊಂದು ಹಿಡಿ ಅಕ್ಕಿ ತೆಗೆಯತೊಡಗಿದಳು. ಕೂಸಿಗೆ ಇನ್ನೂ ಅನ್ನ ಮುಟ್ಟಿಸಿರಲಿಲ್ಲ. ನಗುತ್ತೀಯೋ ಅಳುತ್ತೀಯೋ ನಿನಗೆ ಬಿಟ್ಟದ್ದು.

ಕೂಸಿಗಾಗಿ ಪ್ರಾರ್ಥಿಸಲು ಸಭಾಪಾಲಕರ ಹೆಂಡತಿ ಆ ಮನೆಗೆ ಬಂದರು. ಸಭೆಯವರೆಲ್ಲ ಅವರನ್ನು ಅಮ್ಮನವರು ಎನ್ನುತ್ತಿದ್ದರು. ಪ್ರಾರ್ಥನೆ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಊಟ ಮಾಡಿಕೊಂಡು ಹೋಗಿ ಎಂದು ಅತ್ತೆ ಕರೆದಳು. ಇಂಥ ಕರೆಗೆ ಇಲ್ಲ ಅನ್ನುವುದು ರೂಢಿ, ಆದರೆ ಅಮ್ಮನವರು ಆಗಲಿ ಎಂದುಬಿಟ್ಟರು. ಅದೂ ಸಾಲದೆ, ನಿಮ್ಮ ಸೊಸೆಯ ಜೊತೆ ಮಾತಾಡಿ ಬಹಳ ದಿನವಾಯಿತು, ಇವಳ ಜೊತೆಗೇ ಉಣ್ಣುತ್ತೇನೆ ಎಂದು ಅಡುಗೆಮನೆಗೆ ಹೋಗಿ ಕೂತರು. ಬಂದವರು ಕೊನೆಯಲ್ಲಿ ಉಂಡರೆ ಮನೆಯ ಮರ್ಯಾದೆ ಏನಾಗಬೇಕು ಎಂದು ಅತ್ತೆ ಪೇಚಾಡಿದಳು. ಅಮ್ಮನವರು ಜಗ್ಗಲಿಲ್ಲ.

ಎಲ್ಲರ ಊಟವಾಯಿತು. ಅತ್ತೆ ಕೂಸನ್ನು ಎತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ಸೊಸೆ ಪಾತ್ರೆ ಬಾಗಿಸಿ, ಇದ್ದ ಎರಡು ಸೌಟು ಅನ್ನವನ್ನೂ ಅಮ್ಮನವರ ತಟ್ಟೆಗೆ ಹಾಕಿದಳು. ತನಗೆ ಗಂಜಿಯ ತಿಳಿ ಬಗ್ಗಿಸಿಕೊಂಡು, ಹಸಿವಿಲ್ಲ ಎಂದಳು. ಅಮ್ಮನವರು ಅನ್ನವನ್ನು ನಡುವೆ ಗೆರೆ ಎಳೆದು ಅರ್ಧ ಮಾಡಿ ಅವಳ ಕಡೆಗೆ ತಳ್ಳಿದರು. ಏನೂ ಕೇಳಲಿಲ್ಲ, ಉಂಡು ಎದ್ದು ಹೋದರು.

ಆ ವಾರ ಬಂದದ್ದೇ ತಿಂಗಳ ಕೊನೆಯ ಭಾನುವಾರ. ಅತ್ತೆಯ ಗಡಿಗೆಯೇ ಎಲ್ಲರದಕ್ಕಿಂತ ತುಂಬಿತ್ತು. ಮಾರನೆಯ ಬೆಳಿಗ್ಗೆ ಅಮ್ಮನವರು ಒಂದು ಅಕ್ಕಿಚೀಲವನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದು ಅವಳ ಜಗಲಿಯಲ್ಲಿ ಇಳಿಸಿದರು. ಅಕ್ಕಪಕ್ಕದವರು ನೋಡುತ್ತಿದ್ದರು.

"ಇದು ನಮ್ಮ ಮನೆಗೆ ಯಾಕೆ, ಅಮ್ಮನವರೇ? ನಾವು ಕೊಡುವ ಮನೆಯವರು," ಎಂದಳು ಅತ್ತೆ.

"ಹಿಡಿ ಅಕ್ಕಿ ಹಸಿದವರಿಗೆ ಸೇರಬೇಕಾದದ್ದು. ನಿಮ್ಮ ಮನೆಯಲ್ಲಿ ಒಬ್ಬಳು ಹಸಿದಿದ್ದಾಳೆ," ಎಂದು ಅಮ್ಮನವರು ಹೊರಟುಹೋದರು.

ಅತ್ತೆಗೆ ಪಶ್ಚಾತ್ತಾಪವಾಯಿತು ಎಂದುಕೊಂಡೆಯಾ? ಇಲ್ಲ. ಬಂದದ್ದು ಸಿಟ್ಟು. ಮನೆಯ ಮಾನ ಬೀದಿಗೆ ಹಾಕಿದೆ, ತವರಿನ ಬುದ್ಧಿ ಎಲ್ಲಿ ಹೋಗುತ್ತದೆ ಎಂದು ಸೊಸೆಯನ್ನು ಬೈದಳು. ನಾನು ಯಾರಿಗೂ ಏನೂ ಹೇಳಿಲ್ಲ ಎಂದು ಸೊಸೆ ಆಣೆಯಿಟ್ಟರೂ ನಂಬಲಿಲ್ಲ. ಅನ್ನ ಹೇಗೆ ಸಾಲುವುದಿಲ್ಲವೋ ನೋಡಿಯೇ ಬಿಡುತ್ತೇನೆ, ಇವತ್ತು ನಾನೇ ಬಡಿಸುತ್ತೇನೆ, ನಾನೇ ಕೊನೆಗೆ ಉಣ್ಣುತ್ತೇನೆ ಎಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ಹಟಕ್ಕೆ ಬಿದ್ದವಳು ಮೋಸ ಮಾಡಲಿಲ್ಲ. ಎಂದಿನಷ್ಟೇ ಅಕ್ಕಿ ಅಳೆದಳು, ಎಂದಿನಂತೆ ಹಿಡಿಗಳನ್ನು ತೆಗೆದು ಗಡಿಗೆಗೆ ಹಾಕಿದಳು.

ಮಗನಿಗೆ ಬುತ್ತಿ ಕಟ್ಟಿ ಕಳಿಸಿದಳು. ಮೊಮ್ಮಗನಿಗೆ ಬಡಿಸಿದಳು. ಆಮೇಲೆ ಸೊಸೆಯನ್ನು ಕೂರಿಸಿ, ದಿನವೂ ತನ್ನ ತಟ್ಟೆಗೆ ಬೀಳುವಷ್ಟು ಅನ್ನವನ್ನು ಅವಳ ತಟ್ಟೆಗೆ ಹಾಕಿದಳು. ಸೊಸೆ ತಲೆ ಎತ್ತದೆ ಉಂಡಳು. ಅತ್ತೆ ನಿಂತು ನೋಡಿದಳು. ಅವಳು ಉಣ್ಣುವುದನ್ನು ಅತ್ತೆ ನೋಡಿದ್ದು ಅದೇ ಮೊದಲು. ಕೊನೆಗೆ ತನ್ನ ತಟ್ಟೆ ಇಟ್ಟುಕೊಂಡು ಪಾತ್ರೆ ಬಾಗಿಸಿದಳು. ತಳ ಹತ್ತಿದ ಅನ್ನ, ಕೂಸಿನ ಅಂಗೈಯಷ್ಟು. ಅದನ್ನು ಕೆರೆದು ಉಂಡು ನೀರು ಕುಡಿದಳು.

ಸಂಜೆ ಕೂಸನ್ನು ಎತ್ತಿಕೊಳ್ಳಲು ಹೋದಾಗ ಅವಳಿಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಕೂತುಬಿಟ್ಟಳು. ಒಂದು ಹೊತ್ತಿನ ಊಟ ಕಡಿಮೆಯಾದದ್ದಕ್ಕೇ ಹೀಗಾಯಿತು. ಸೊಸೆಗೆ ಇದು ದಿನದ ಮಾತು, ಅದರ ಮೇಲೆ ಒಂದು ಕೂಸಿಗೆ ಹಾಲೂಡಬೇಕು. ಅತ್ತೆಗೆ ಆಗ ಎಲ್ಲ ತಿಳಿಯಿತು. ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದಳು.

"ನೀವು ದೇವರ ಹೆಸರು ಹೇಳಿ ತೆಗೆಯುತ್ತಿದ್ದಿರಿ, ಅತ್ತೆ. ಅದರ ಮೇಲೆ ನಾನು ಏನು ಹೇಳಲಿ?" ಎಂದಳು ಸೊಸೆ.

ಮುದುಕಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಹೋಗಿ ಪಾವನ್ನು ಸೊಸೆಯ ಕೈಗೆ ಕೊಟ್ಟಳು.

ಮುಂದಿನ ತಿಂಗಳು ಗಡಿಗೆ ಅರ್ಧವೂ ತುಂಬಿರಲಿಲ್ಲ. ಸಭಾಪಾಲಕರು ಕಾರಣ ತಿಳಿಯದೆ, ರೂಢಿಯಂತೆ ಅವಳ ಹೆಸರು ಹಿಡಿದು ಕೃತಜ್ಞತೆ ಹೇಳಲು ಹೊರಟರು. ಅವಳು ಬೆಂಚಿನಿಂದ ಎದ್ದು ನಿಂತಳು. ಆರಾಧನೆಯ ನಡುವೆ ಹಾಗೆ ಎದ್ದವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ನನ್ನ ತಟ್ಟೆಯಲ್ಲಿ ಒಂದು ಅಗುಳೂ ಕಡಿಮೆಯಾಗಿರಲಿಲ್ಲ, ಇಷ್ಟು ತಿಂಗಳು ಇಲ್ಲಿ ಸುರಿದದ್ದೆಲ್ಲ ನನ್ನ ಮಗನ ಹೆಂಡತಿಯದು, ನಾನು ಅದನ್ನು ಹೊತ್ತು ತಂದೆ ಅಷ್ಟೇ, ಎಂದು ಹೇಳಿ ಕೂತಳು. ಮಗ ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿದ.

ಅಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು. ಕೂಸು ಉಳಿಯಿತೇ ಎಂದು ದಯಾಕರ ಕೇಳಿದ. ಉಳಿಯಿತು, ಹಾಲು ಬಂದ ಮೇಲೆ ಮೈ ತುಂಬಿಕೊಂಡಿತು ಎಂದರು ಅಯ್ಯನವರು.

ಕತೆ ದಯಾಕರನಿಗೆ ಹಿಡಿಸಿತ್ತು, ಆದರೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಹಾಗಾದರೆ ದೇವರಿಗೆ ಹೆಚ್ಚು ಕೊಡಬೇಕೆನ್ನುವುದು ತಪ್ಪೇ, ದಶಮಾಂಶದ ಎರಡರಷ್ಟು ಕೊಡಲೋ ಬೇಡವೋ ಎಂದು ಮತ್ತೆ ಕೇಳಿದ.

"ನಿನ್ನ ಮನೆಯಲ್ಲಿ ಕೊನೆಗೆ ಉಣ್ಣುವವರ ತಟ್ಟೆಯನ್ನು ನೀನು ಎಂದಾದರೂ ನೋಡಿದ್ದೀಯಾ?" ಎಂದರು ಅಯ್ಯನವರು.